ಒಂದು ತಂತಿ ಇಳಿಸಿದರೆ ಐದು ತಂತಿ ಏರುವುದೇಕೆ? ತೇಲುವ ಬ್ರಿಡ್ಜ್‌ಗೆ ಮರದ ತುಂಡಿನ ಉತ್ತರ

ಕಳೆದ ವರ್ಷ ಪೌರಕಾರ್ಮಿಕರ ಸಭೆಯೊಂದರಲ್ಲಿ ನಮ್ಮ ತಂಡಕ್ಕೆ ಹದಿನೈದು ನಿಮಿಷ ಕೊಟ್ಟಿದ್ದರು. ಮೂರು ಹಾಡು. ಮೊದಲೆರಡು ಎಲ್ಲರಿಗೂ ಗೊತ್ತಿರುವಂಥವು. ಮೂರನೆಯದು ನಾವೇ ಕಟ್ಟಿದ್ದು. ಅಲ್ಲಿ ಮುಂದಿನ ಸಾಲಲ್ಲಿ ಕೂತಿದ್ದ ಅಕ್ಕ ಒಬ್ಬರು ಹಿಂದೊಮ್ಮೆ ನಮ್ಮ ಹತ್ತಿರ ಆಡಿದ ಮಾತುಗಳನ್ನೇ ಜೋಡಿಸಿ ಬರೆದದ್ದು. ಅವರು ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆ ಹಾಡಿಗೆ ನನ್ನ ಗಿಟಾರಿನ ಅತಿ ದಪ್ಪ ತಂತಿ ‘ಇ’ಯಿಂದ ‘ಡಿ’ಗೆ ಇಳಿಯಬೇಕು. ಡ್ರಾಪ್ ಡಿ ಅಂತಾರೆ. ತುಂಬಾ ಸಣ್ಣ ಬದಲಾವಣೆ. ಅಲೆನ್ ಕೀ ತೆಗೆದು ನಟ್ಟಿನ ಬೀಗ ಸಡಿಲಿಸಿದೆ, ಬಿರಡೆ ತಿರುಗಿಸಿ ‘ಡಿ’ಗೆ ತಂದೆ, ಒಮ್ಮೆ ಮೀಟಿದೆ. ಉಳಿದ ಐದೂ ತಂತಿಗಳು ಮೇಲಕ್ಕೆ ಹೋಗಿದ್ದವು. ಆ ಐದನ್ನು ಸರಿಮಾಡಿದೆ. ಅಷ್ಟರಲ್ಲಿ ಮೊದಲು ಇಳಿಸಿದ ತಂತಿಯೇ ಮತ್ತೆ ಏರಿ ಕೂತಿತ್ತು. ಅದನ್ನು ಇಳಿಸಿದೆ. ಮತ್ತೆ ಐದು ಏರಿದವು.

ಹೀಗೇ ಐದಾರು ನಿಮಿಷ ಹೋಯಿತು. ಆ ಅಕ್ಕ ನಕ್ಕೊಂಡೇ ಅಂದರು: “ಏನಪ್ಪಾ, ಹಾಡೋದ್ಕಿಂತ ತಿರುಗ್ಸೋದೇ ಜಾಸ್ತಿ ಆಯ್ತಲ್ಲ.” ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಸಂಘಟಕರು ಗಡಿಯಾರ ನೋಡಿದರು, ಭಾಷಣಕಾರರು ಎದ್ದರು. ಅಕ್ಕ ಬಸ್ಸಿಗೆ ಹೊತ್ತಾಯಿತು ಅಂತ ಚೀಲ ಎತ್ತಿಕೊಂಡು ಹೊರಟರು. ಅವರ ಹಾಡನ್ನು ಅವರಿಲ್ಲದೆ, ಅರ್ಧ ಮಾತ್ರ ಹಾಡಿದೆವು.

ರಾಜಕೀಯ ಓದುವ ಜಾಗದಲ್ಲಿ ಗಿಟಾರ್ ರಿಪೇರಿ ಪಾಠ ಯಾಕೆ ಅಂತ ಕೇಳಬಹುದು. ಕ್ಯಾಂಪಸ್ಸಿನಲ್ಲಿ, ಬೀದಿನಾಟಕದಲ್ಲಿ, ಧರಣಿ ಪೆಂಡಾಲಿನಲ್ಲಿ ಹಾಡುವ ಬಹುಪಾಲು ಹುಡುಗ-ಹುಡುಗಿಯರ ಹತ್ತಿರ ಇರುವುದು ಒಂದೇ ಗಿಟಾರ್, ಅದೂ ಸೆಕೆಂಡ್ ಹ್ಯಾಂಡ್. ಅಂಥ ಗಿಟಾರುಗಳಲ್ಲಿ ಎಷ್ಟೋ ಈ ತೇಲುವ ಬ್ರಿಡ್ಜ್‌ನವು. ನನಗಾದದ್ದು ನಿಮಗೆ ಆಗುವುದು ಬೇಡ. ಜೊತೆಗೆ, ಇದು ಅರ್ಥವಾದರೆ ಇನ್ನೊಂದೆರಡು ವಿಷಯಗಳೂ ಅರ್ಥವಾಗುತ್ತವೆ.

ಹೆಸರೇ ತಪ್ಪು

ಮೊದಲು ಹೆಸರಿನ ಗೊಂದಲ ಮುಗಿಸೋಣ. ಗಿಟಾರಿನ ಬ್ರಿಡ್ಜ್‌ಗೆ ಸಿಕ್ಕಿಸಿದ ಕಬ್ಬಿಣದ ಕಡ್ಡಿಯನ್ನು ಒತ್ತಿದರೆ ನಾದ ಕೆಳಕ್ಕೆ ಜಾರುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಇದನ್ನು ‘ಟ್ರೆಮೊಲೊ’ ಅಂತ ಕರೆಯುವುದು ರೂಢಿ. ಆದರೆ ಸಂಗೀತದಲ್ಲಿ ಟ್ರೆಮೊಲೊ ಅಂದರೆ ಸದ್ದಿನ ಪ್ರಮಾಣ ಏರಿಳಿಯುವುದು. ಸ್ವರವೇ ಏರಿಳಿದರೆ ಅದು ವೈಬ್ರಾಟೊ. ಈ ಎಡವಟ್ಟು ಲಿಯೊ ಫೆಂಡರ್ ಅವರಿಂದ ಬಂದದ್ದು. 1954ರಲ್ಲಿ ಬಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಈ ಸಾಧನಕ್ಕೆ ಅವರು ಟ್ರೆಮೊಲೊ ಅಂತ ಹೆಸರಿಟ್ಟರು. ತಮಾಷೆಯೆಂದರೆ, ಅವರದೇ ಕಂಪನಿಯ ಆಂಪ್ಲಿಫೈಯರುಗಳಲ್ಲಿ ನಿಜವಾದ ಟ್ರೆಮೊಲೊಗೆ ‘ವೈಬ್ರಾಟೊ’ ಅಂತ ಬರೆದಿರುತ್ತಿತ್ತು. ಎರಡೂ ತಲೆಕೆಳಗು.

ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಎರಡು ದಶಕದ ಮೇಲೆ ಫ್ಲಾಯ್ಡ್ ರೋಸ್ ಬಂದರು. ಕಡ್ಡಿ ಜೋರಾಗಿ ಒತ್ತಿದಾಗೆಲ್ಲ ಶ್ರುತಿ ಕೆಡುತ್ತದೆ ಅನ್ನುವುದು ಅವರ ತಕರಾರು. ಆಭರಣ ಕೆಲಸ ಗೊತ್ತಿದ್ದ ಅವರು, ತಂತಿಯನ್ನು ನಟ್ಟಿನಲ್ಲೇ ಬಿಗಿದು ಬೀಗ ಹಾಕುವ ವಿಧಾನ ಮಾಡಿಕೊಂಡರು. 1979ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಎಡ್ಡಿ ವ್ಯಾನ್ ಹೇಲನ್ ಅದನ್ನು ಬಳಸಿದ ಮೇಲೆ ಎಂಬತ್ತರ ದಶಕದ ರಾಕ್ ಮತ್ತು ಮೆಟಲ್ ಗಿಟಾರುಗಳ ಸದ್ದೇ ಬದಲಾಯಿತು. ನನ್ನ ಗಿಟಾರಿನಲ್ಲಿರುವುದು ಆ ವಿನ್ಯಾಸದ ಒಂದು ಅಗ್ಗದ ನಕಲು.

ತೇಲುವುದು ಅಂದರೆ ಏನು?

ನಮ್ಮ ತಂಬೂರಿಯನ್ನು ನೆನಪಿಸಿಕೊಳ್ಳಿ. ಮಾಲಕೌಂಸ್‌ನಂಥ ಪಂಚಮವಿಲ್ಲದ ರಾಗ ಹಾಡುವಾಗ ಮೊದಲ ತಂತಿಯನ್ನು ‘ಪ’ದಿಂದ ‘ಮ’ಕ್ಕೆ ಇಳಿಸುತ್ತಾರೆ. ಉಳಿದ ಮೂರು ತಂತಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಕಾರಣ, ತಂತಿಗಳು ಹಾದು ಬರುವ ‘ಕುದುರೆ’ ಅಲುಗುವುದಿಲ್ಲ. ಒಂದು ತಂತಿಯ ಸಮಾಚಾರ ಇನ್ನೊಂದಕ್ಕೆ ಬೇಡ.

ತೇಲುವ ಬ್ರಿಡ್ಜ್‌ನಲ್ಲಿ ಕುದುರೆಯೇ ತಕ್ಕಡಿ. ಅದು ಎರಡು ಮೊಳೆಗಳ ಅಂಚಿನ ಮೇಲೆ ಚಾಕುವಿನ ಬಾಯಿಯಂತೆ ನಿಂತಿರುತ್ತದೆ. ಮುಂದಿನಿಂದ ಆರು ತಂತಿಗಳು ಅದನ್ನು ಕತ್ತಿನ ಕಡೆಗೆ ಎಳೆಯುತ್ತವೆ. ಬ್ರಿಡ್ಜ್‌ನ ಕೆಳಗೆ ಗಿಟಾರಿನ ಹೊಟ್ಟೆಯೊಳಗೆ ಇಳಿದಿರುವ ದಪ್ಪ ಲೋಹದ ಗಟ್ಟಿಯನ್ನು ಹಿಂಬದಿಯಿಂದ ಮೂರರಿಂದ ಐದು ಸ್ಪ್ರಿಂಗುಗಳು ಎಳೆದು ಹಿಡಿದಿರುತ್ತವೆ. ಎರಡೂ ಎಳೆತ ಸಮವಾದಾಗ ಬ್ರಿಡ್ಜ್ ಮಟ್ಟಸವಾಗಿ ಗಾಳಿಯಲ್ಲಿ ನಿಲ್ಲುತ್ತದೆ. ಅದೇ ತೇಲುವುದು. ಕಡ್ಡಿ ಒತ್ತಿದರೂ ಎತ್ತಿದರೂ ಬ್ರಿಡ್ಜ್ ಓಲಾಡುತ್ತದೆ, ಸ್ವರ ಎರಡೂ ಕಡೆಗೆ ಜಾರುತ್ತದೆ. ಮಜಾ ಇರುವುದು ಅಲ್ಲೇ, ಆಪತ್ತೂ ಅಲ್ಲೇ.

ಈಗ ಲೆಕ್ಕ. ಎಲ್ಲ ಕಡೆ ಸಿಗುವ 10–46 ಸೆಟ್ ತಂತಿಗಳನ್ನು 25.5 ಇಂಚು ಉದ್ದದ ಗಿಟಾರಿಗೆ ಹಾಕಿ ಮಾಮೂಲಿ ಶ್ರುತಿ ಮಾಡಿದರೆ ಆರೂ ತಂತಿಗಳ ಒಟ್ಟು ಎಳೆತ ಸುಮಾರು 47 ಕೆ.ಜಿ. ಅಂದರೆ ಒಂದು ಸಿಮೆಂಟ್ ಮೂಟೆಗೆ ಸ್ವಲ್ಪ ಕಡಿಮೆ. ಇದರಲ್ಲಿ ದಪ್ಪ ‘ಇ’ ತಂತಿಯ ಪಾಲು ಸುಮಾರು 8 ಕೆ.ಜಿ.

‘ಇ’ ಸ್ವರ 82.4 ಹರ್ಟ್ಝ್, ‘ಡಿ’ 73.4 ಹರ್ಟ್ಝ್. ಸ್ವರದ ಕಂಪನ ತಂತಿಯ ಎಳೆತದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ ಅಂತ ಫ್ರಾನ್ಸಿನ ಮೆರ್ಸೆನ್ 1636ರಲ್ಲೇ ಬರೆದಿಟ್ಟಿದ್ದಾರೆ. ಆ ಪ್ರಕಾರ ಕಂಪನ ಸುಮಾರು ಶೇ. 11 ಇಳಿಯಬೇಕಾದರೆ ಎಳೆತ ಸುಮಾರು ಶೇ. 20 ಇಳಿಯಬೇಕು. ಅಂದರೆ ಒಂದೂವರೆ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಒಟ್ಟು 47ರಲ್ಲಿ ಅದು ಶೇ. 3–4 ಮಾತ್ರ. ಆದರೆ ತಕ್ಕಡಿಗೆ ಅಷ್ಟು ಸಾಕು. ಸ್ಪ್ರಿಂಗುಗಳ ಕೈ ಮೇಲಾಗಿ, ಬ್ರಿಡ್ಜ್‌ನ ಹಿಂಭಾಗ ಕೆಳಗೆ ಕುಸಿಯುತ್ತದೆ. ಆಗ ಆರೂ ತಂತಿಗಳು ಒಟ್ಟಿಗೆ ಬಿಗಿಯಾಗುತ್ತವೆ. ಹಾಗಾಗಿ ನೀವು ಮುಟ್ಟದ ಐದೂ ತಂತಿ ಏರುತ್ತವೆ, ಮುಟ್ಟಿದ್ದು ಕೂಡ ನೀವು ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. ಏರಿದ ಐದನ್ನು ಇಳಿಸಿದಿರಿ ಅನ್ನಿ, ಎಳೆತ ಇನ್ನೂ ಕಡಿಮೆ, ಬ್ರಿಡ್ಜ್ ಇನ್ನೂ ಕುಸಿತ.

ಡಿ-ಎ-ಡಿ-ಜಿ-ಎ-ಡಿ ಶ್ರುತಿಗೆ ಹೋದರೆ ಮೂರು ತಂತಿ ಒಂದೊಂದು ಸ್ವರ ಇಳಿಯಬೇಕು. ಆಗ ಒಟ್ಟು ಎಳೆತದಲ್ಲಿ ನಾಲ್ಕೂವರೆ ಕೆ.ಜಿ. ವ್ಯತ್ಯಾಸ. ವೇದಿಕೆಯ ಮೇಲೆ ನಿಂತು ಇದನ್ನು ಸರಿಮಾಡುತ್ತೇನೆ ಅನ್ನುವುದು ಬರೀ ಧೈರ್ಯ.

ಅಂಗಡಿಯವರು ಹೇಳಿದ್ದು

ಸಭೆಯಾದ ಮಾರನೇ ವಾರ ಗಿಟಾರ್ ಅಂಗಡಿಯೊಂದಕ್ಕೆ ಹೋದೆ. “ಫ್ಲೋಟಿಂಗ್ ಅಂದ್ರೆ ಹಂಗೇ ಸರ್. ಡ್ರಾಪ್ ಟ್ಯೂನಿಂಗ್‌ಗೆ ಇನ್ನೊಂದು ಗಿಟಾರ್ ಇಟ್ಕೊಳ್ಳಿ” ಅಂದರು. ತಪ್ಪೇನಿಲ್ಲ. ದೊಡ್ಡ ತಂಡಗಳು ಹಾಗೇ ಮಾಡುವುದು, ಶ್ರುತಿಗೊಂದು ಗಿಟಾರ್. ಆದರೆ ನನ್ನ ಹತ್ತಿರ ಇದ್ದದ್ದು ಒಂದೇ, ಅದನ್ನು ಕೊಂಡ ಸಾಲ ಆಗಷ್ಟೇ ತೀರಿತ್ತು.

ಮನೆಗೆ ಬಂದು ಗಿಟಾರ್ ಬೋರಲು ಹಾಕಿ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದೆ. ಆರು ಸ್ಕ್ರೂ. ಒಳಗೆ ಎಲ್ಲವೂ ಕಣ್ಣೆದುರಿಗೇ ಇತ್ತು: ಗಟ್ಟಿ, ಮೂರು ಸ್ಪ್ರಿಂಗ್, ಅವನ್ನು ಹಿಡಿದಿರುವ ಉಗುರಿನಂಥ ಪಟ್ಟಿ, ಆ ಪಟ್ಟಿಯನ್ನು ಮರಕ್ಕೆ ಬಿಗಿದಿರುವ ಎರಡು ಉದ್ದನೆ ಸ್ಕ್ರೂ. ಅಂಟಿಸಿದ್ದಿಲ್ಲ, ಸೀಲ್ ಮಾಡಿದ್ದಿಲ್ಲ. ನನ್ನ ಫೋನಿನ ಬ್ಯಾಟರಿ ನೋಡಬೇಕಾದರೂ ಅಂಟು ಕರಗಿಸಬೇಕು. 70 ವರ್ಷ ಹಳೆಯ ಈ ಯಂತ್ರ ಒಂದು ಸ್ಕ್ರೂಡ್ರೈವರಿಗೆ ಬಾಗಿಲು ತೆರೆಯುತ್ತದೆ.

ಮೂರು ದಾರಿ

ಸಮಸ್ಯೆಯ ಬೇರು ಇಷ್ಟೇ: ತೇಲುವ ಬ್ರಿಡ್ಜ್‌ನಲ್ಲಿ ಸ್ಪ್ರಿಂಗಿನ ಎಳೆತ ತಂತಿಗಳ ಎಳೆತಕ್ಕೆ ಯಾವಾಗಲೂ ಸಮ ಇರಲೇಬೇಕು. ಶ್ರುತಿ ಬದಲಾದಾಗಲೆಲ್ಲ ಹೊಸ ಸಮ ಹುಡುಕಬೇಕು. ಇದಕ್ಕೆ ಮೂರು ದಾರಿಗಳಿವೆ.

ಒಂದು, ತೇಲಲು ಬಿಟ್ಟು ಒಂದೇ ಶ್ರುತಿಗೆ ಹೊಂದಿಸಿಕೊಳ್ಳುವುದು. ನಿಮ್ಮ ಎಲ್ಲ ಹಾಡೂ ಡ್ರಾಪ್ ಡಿಯಲ್ಲೇ ಇದ್ದರೆ ಇದು ಸಾಕು. ತಂತಿಯ ದಪ್ಪವನ್ನೂ ಬದಲಿಸಬಹುದು. ‘ಡಿ’ಗೆ ಇಳಿದರೂ ಅದೇ ಎಳೆತ ಉಳಿಯಬೇಕಾದರೆ 46ರ ಜಾಗದಲ್ಲಿ ಸುಮಾರು 52ರ ತಂತಿ ಬೇಕು. ಅಂಗಡಿಯಲ್ಲಿ 10–52 ಸೆಟ್ ಸಿಗುವುದು ಇಂಥ ಅಗತ್ಯಕ್ಕೇ.

ಎರಡು, ಬ್ರಿಡ್ಜ್ ಹಿಂದಕ್ಕೆ ಕುಸಿಯದಂತೆ ಒಂದು ತಡೆ ಇಡುವುದು. ಕಡ್ಡಿ ಒತ್ತಬಹುದು, ಎತ್ತಿ ಎಳೆಯಲು ಆಗುವುದಿಲ್ಲ.

ಮೂರು, ಎರಡೂ ಕಡೆ ತಡೆ ಇಟ್ಟು ಬ್ರಿಡ್ಜನ್ನು ಪೂರ್ತಿ ನಿಲ್ಲಿಸಿಬಿಡುವುದು. ಕಡ್ಡಿಯ ಆಸೆಯೇ ಬಿಡಬೇಕು. ಎರಿಕ್ ಕ್ಲ್ಯಾಪ್ಟನ್ ತಮ್ಮ ಸ್ಟ್ರಾಟ್‌ಗೆ ಮಾಡಿಸಿಕೊಂಡದ್ದು ಇದನ್ನೇ: ಐದು ಸ್ಪ್ರಿಂಗ್, ಒಂದು ಮರದ ತುಂಡು.

ಈ ಕೆಲಸಕ್ಕೆಂದೇ ತಯಾರಾದ ಸಾಧನಗಳೂ ಇವೆ. ಟ್ರೆಮಾಲ್-ನೋ ಅನ್ನುವುದು ಹಿಂಬದಿಯಲ್ಲಿ ಸ್ಪ್ರಿಂಗ್ ಪಟ್ಟಿಗೆ ಜೋಡಿಸುವ ಬೀಗ. ವ್ಯಾನ್ ಹೇಲನ್ ಹೆಸರಿನ ಡಿ-ಟ್ಯೂನಾ ಅನ್ನುವುದು ಬ್ರಿಡ್ಜ್‌ಗೇ ಸಿಕ್ಕಿಸುವ ಪುಟ್ಟ ಸಾಧನ, ಎಳೆದರೆ ‘ಇ’ ತಂತಿ ‘ಡಿ’ಗೆ ಇಳಿಯುತ್ತದೆ. ಆದರೆ ಕೊಳ್ಳುವ ಮುಂಚೆ ಗಮನಿಸಿ, ತೇಲುವ ಬ್ರಿಡ್ಜ್‌ಗೆ ಡಿ-ಟ್ಯೂನಾ ಹಾಕಿದರೆ ಮತ್ತೆ ಅದೇ ಕಥೆ, ಐದು ತಂತಿ ಏರುತ್ತವೆ. ಮೊದಲು ತಡೆ, ಆಮೇಲೆ ಅದು.

ನಾನು ಎರಡನೇ ದಾರಿ ಹಿಡಿದೆ.

ಮರದ ತುಂಡು ಎಲ್ಲಿ, ಹೇಗೆ

ಮನೆ ಹತ್ತಿರದ ಮರಗೆಲಸದ ಅಣ್ಣನ ಅಂಗಡಿಯಲ್ಲಿ ಸಾಗವಾನಿ ಚೂರೊಂದು ಬಿಟ್ಟಿಯಾಗಿ ಸಿಕ್ಕಿತು. ಗಟ್ಟಿ ಮರವೇ ಬೇಕು, ಮೆತ್ತನೆಯದಾದರೆ ಲೋಹದ ಒತ್ತಡಕ್ಕೆ ತಗ್ಗು ಬೀಳುತ್ತದೆ, ಶ್ರುತಿ ನಿಧಾನವಾಗಿ ಜಾರುತ್ತದೆ.

ಗಿಟಾರನ್ನು ಮಾಮೂಲಿ ಶ್ರುತಿಯಲ್ಲಿಟ್ಟು, ಬ್ರಿಡ್ಜ್ ಮೈಗೆ ಸಮಾನಾಂತರವಾಗಿ ನಿಂತಿದೆಯೇ ಅಂತ ಪಕ್ಕದಿಂದ ನೋಡಿ. ನಂತರ ಹಿಂಬದಿಯಲ್ಲಿ, ಲೋಹದ ಗಟ್ಟಿಗೂ ಕತ್ತಿನ ಕಡೆಯ ಮರದ ಗೋಡೆಗೂ ನಡುವೆ ಇರುವ ಸಂದಿಯನ್ನು ಅಳೆಯಿರಿ. ನನ್ನ ಹತ್ತಿರ ಅಳತೆಯ ಸಾಮಾನಿರಲಿಲ್ಲ. ಹಳೇ ವಿಸಿಟಿಂಗ್ ಕಾರ್ಡುಗಳನ್ನು ಒಂದೊಂದಾಗಿ ತುರುಕಿ, ಸಂದಿ ತುಂಬಿದ ಮೇಲೆ ಆ ಕಟ್ಟಿನ ದಪ್ಪಕ್ಕೆ ಮರವನ್ನು ಉಜ್ಜುಕಾಗದದಲ್ಲಿ ತಿಕ್ಕಿದೆ. ಕಡ್ಡಿಯನ್ನು ಮೆಲ್ಲಗೆ ಒತ್ತಿದರೆ ಗಟ್ಟಿ ಆಚೆ ಸರಿದು ಸಂದಿ ಅಗಲವಾಗುತ್ತದೆ, ತುಂಡು ಒಳಗೆ ಕೂರುತ್ತದೆ. ಅದನ್ನು ಗಿಟಾರಿನ ಮರದ ಗೋಡೆಗೆ ಎರಡು ಬದಿ ಅಂಟುವ ಟೇಪಿನಲ್ಲಿ ನಿಲ್ಲಿಸಿ. ಫೆವಿಕಾಲ್ ಬೇಡ. ನಾಳೆ ಮನಸ್ಸು ಬದಲಾದರೆ ತೆಗೆಯುವ ಹಾಗಿರಬೇಕು.

ಇಲ್ಲಿಗೆ ಅರ್ಧ ಕೆಲಸ. ಇನ್ನರ್ಧ ಸ್ಪ್ರಿಂಗುಗಳದ್ದು, ಬಹಳ ಜನ ಮರೆಯುವುದು ಇದನ್ನೇ. ಗಟ್ಟಿ ಮರಕ್ಕೆ ಒತ್ತಿಕೊಂಡೇ ಇರಬೇಕಾದರೆ ಸ್ಪ್ರಿಂಗುಗಳ ಎಳೆತ ತಂತಿಗಳಿಗಿಂತ ಸ್ವಲ್ಪ ಹೆಚ್ಚಿರಬೇಕು. ಮೂರು ಸ್ಪ್ರಿಂಗ್ ಇದ್ದಲ್ಲಿ ನಾಲ್ಕು ಹಾಕಿ, ಅಥವಾ ಪಟ್ಟಿಯ ಎರಡೂ ಸ್ಕ್ರೂಗಳನ್ನು ಸಮನಾಗಿ ಕಾಲು ಸುತ್ತು, ಕಾಲು ಸುತ್ತು ಬಿಗಿಯಿರಿ. ಸ್ಪ್ರಿಂಗ್ ಹಾಕಿ ತೆಗೆಯುವ ಮುಂಚೆ ತಂತಿಗಳನ್ನು ಸಡಿಲಿಸಿ. ಬ್ರಿಡ್ಜ್ ನಿಂತಿರುವ ಆ ಎರಡು ಮೊಳೆಗಳನ್ನಂತೂ ತಂತಿ ಬಿಗಿಯಿರುವಾಗ ತಿರುಗಿಸಲೇಬೇಡಿ, ಚಾಕು ಅಂಚು ಸವೆದರೆ ಬ್ರಿಡ್ಜ್ ಮತ್ತೆ ಅದೇ ಜಾಗಕ್ಕೆ ಬರುವುದಿಲ್ಲ.

ಎಷ್ಟು ಬಿಗಿ ಸಾಕು? ಒಂದು ಸುಲಭ ಪರೀಕ್ಷೆ ಇದೆ. ನೀವು ಬಳಸುವ ಶ್ರುತಿಗಳಲ್ಲಿ ಅತಿ ಹೆಚ್ಚು ಎಳೆತದ್ದನ್ನು ಇಟ್ಟುಕೊಳ್ಳಿ. ದಪ್ಪ ತಂತಿಯನ್ನು ಮೀಟಿ, ಅದು ಮೊಳಗುತ್ತಿರುವಾಗಲೇ ಮೂರನೇ ತಂತಿಯನ್ನು ಬೆರಳಿನಿಂದ ಜೋರಾಗಿ ಬಗ್ಗಿಸಿ. ದಪ್ಪ ತಂತಿಯ ಸ್ವರ ಜಾರಿದರೆ ಗಟ್ಟಿ ಮರದಿಂದ ಎದ್ದಿದೆ ಅಂತ ಅರ್ಥ, ಇನ್ನೊಂದರ್ಧ ಸುತ್ತು ಬಿಗಿಯಿರಿ. ಜಾರದಿದ್ದರೆ ಮುಗಿಯಿತು. ತೀರಾ ಬಿಗಿದರೆ ಕಡ್ಡಿ ಕಲ್ಲಿನಂತಾಗುತ್ತದೆ.

ಈಗ ನಡೆಯುವುದೇನು ನೋಡಿ. ‘ಇ’ ತಂತಿಯನ್ನು ‘ಡಿ’ಗೆ ಇಳಿಸಿದಾಗ ತಂತಿಗಳ ಕಡೆ ಎಳೆತ ಕಡಿಮೆಯಾಗುತ್ತದೆ. ಸ್ಪ್ರಿಂಗುಗಳು ಗಟ್ಟಿಯನ್ನು ಎಳೆಯಲು ನೋಡುತ್ತವೆ, ಮರ ಬಿಡುವುದಿಲ್ಲ. ವ್ಯತ್ಯಾಸದ ಭಾರವನ್ನು ಮರ ಹೊರುತ್ತದೆ. ಬ್ರಿಡ್ಜ್ ಅಲುಗಲಿಲ್ಲ ಅಂದಮೇಲೆ ಉಳಿದ ಐದು ತಂತಿ ಏರುವ ಪ್ರಶ್ನೆಯೇ ಇಲ್ಲ. ನುಡಿಸುವಾಗ ಒಂದು ತಂತಿ ಹರಿದರೂ ಉಳಿದವು ಶ್ರುತಿಯಲ್ಲೇ ಇರುತ್ತವೆ. ತೇಲುವ ಬ್ರಿಡ್ಜ್‌ನಲ್ಲಿ ತಂತಿ ಹರಿದರೆ ಹಾಡು ಅಲ್ಲಿಗೆ ಬಂದ್.

ಇದೇ ತುಂಡು ಮೊದಲನೇ ದಾರಿಗೂ ಉಪಯೋಗಕ್ಕೆ ಬರುತ್ತದೆ. ತುಂಡು ಇಟ್ಟುಕೊಂಡು ಬೇಕಾದ ಶ್ರುತಿ ಮಾಡಿ. ಬ್ರಿಡ್ಜ್ ಅಲುಗದ್ದರಿಂದ ಒಂದೇ ಸುತ್ತಿಗೆ ಆಗುತ್ತದೆ. ನಂತರ ಪಟ್ಟಿಯ ಸ್ಕ್ರೂಗಳನ್ನು ಕಾಲು ಸುತ್ತಿನಂತೆ ಸಡಿಲಿಸುತ್ತಾ ಹೋಗಿ. ತುಂಡು ತಾನಾಗೇ ಕಳಚಿಕೊಳ್ಳುವ ಕ್ಷಣಕ್ಕೆ ನಿಲ್ಲಿಸಿ. ಬ್ರಿಡ್ಜ್ ಹೊಸ ಶ್ರುತಿಯಲ್ಲಿ ಮಟ್ಟಸವಾಗಿ ತೇಲುತ್ತಿರುತ್ತದೆ. ಗಂಟೆಗಟ್ಟಲೆ ಸುತ್ತಾಟ ಉಳಿಯುತ್ತದೆ.

ಇನ್ನು ನಟ್ಟಿನ ಬೀಗ. ಬೀಗ ಹಾಕಿದ್ದರೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲ, ಬ್ರಿಡ್ಜ್ ಮೇಲಿನ ಸಣ್ಣ ಟ್ಯೂನರುಗಳಿಗೆ ಒಂದು ಪೂರ್ತಿ ಸ್ವರದಷ್ಟು ಓಡಾಟವಿಲ್ಲ. ಒಂದು ಬೀಗ ಎರಡು ತಂತಿ ಹಿಡಿಯುತ್ತದೆ. ನಾನು ‘ಇ’ ಮತ್ತು ‘ಎ’ ತಂತಿಗಳ ಬೀಗ ತೆಗೆದಿಟ್ಟು, ಅಲ್ಲಿ ಸೀಸದ ಕಡ್ಡಿಯ ಪುಡಿ ಸವರಿದ್ದೇನೆ. ಕಡ್ಡಿಯನ್ನು ವಿಪರೀತ ಒತ್ತಿದರೆ ಈ ಎರಡು ತಂತಿ ಸ್ವಲ್ಪ ಜಾರುತ್ತವೆ. ನನ್ನ ಹಾಡುಗಳಿಗೆ ಅಷ್ಟು ಒತ್ತುವ ಅಗತ್ಯವಿಲ್ಲ, ಒಪ್ಪಿಕೊಂಡಿದ್ದೇನೆ. ಸ್ಟ್ರಾಟ್ ಮಾದರಿಯ ಬ್ರಿಡ್ಜ್ ಇದ್ದವರಿಗೆ ಬೀಗದ ರಗಳೆ ಇಲ್ಲ. ಎಷ್ಟೋ ಸಲ ಮರದ ತುಂಡೂ ಬೇಡ, ಸ್ಪ್ರಿಂಗ್ ಬಿಗಿದು ಬ್ರಿಡ್ಜನ್ನು ಗಿಟಾರಿನ ಮೈಮೇಲೇ ಕೂರಿಸಿದರೆ ಆಯಿತು.

ಹೋದದ್ದು ಏನು ಅಂತಲೂ ಹೇಳಬೇಕು. ಕಡ್ಡಿ ಎತ್ತಿ ಸ್ವರವನ್ನು ಮೇಲಕ್ಕೆ ಅಲುಗಿಸುವ ಆ ನಡುಕ ಈಗಿಲ್ಲ. ಕೆಲವು ಹಾಡಿಗೆ ಅದೇ ಜೀವ. ಅಂಥವರಿಗೆ ನನ್ನ ದಾರಿ ಸರಿಹೋಗುವುದಿಲ್ಲ.

ರಿಪೇರಿ ಅನ್ನುವ ರಾಜಕೀಯ

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ಸಾಮಾನು, ವಾಹನ ಇವು ಅದರ ಗಮನದಲ್ಲಿದ್ದ ಕ್ಷೇತ್ರಗಳು. ಗಿಟಾರ್ ಆ ಪಟ್ಟಿಯಲ್ಲಿಲ್ಲ, ಇರಬೇಕೆಂದೂ ನನ್ನ ವಾದವಲ್ಲ. ಗಿಟಾರಿನ ಬಾಗಿಲು ಈಗಾಗಲೇ ತೆರೆದಿದೆ. ನನ್ನ ಕೊರತೆ ಬೇರೆ ಇತ್ತು. ಆರು ವರ್ಷ ಅದನ್ನು ನುಡಿಸಿದ್ದರೂ ಆ ಆರು ಸ್ಕ್ರೂ ಬಿಚ್ಚಿ ನೋಡಿರಲಿಲ್ಲ. “ಇನ್ನೊಂದು ಕೊಳ್ಳಿ” ಅನ್ನುವುದು ಸಲಹೆಯಂತೆ ಕೇಳಿಸಿದ್ದು, ಒಳಗೆ ಏನಿದೆ ಅಂತ ನನಗೆ ಗೊತ್ತಿಲ್ಲದ್ದರಿಂದ.

ಹಕ್ಕು ಕಾನೂನಿನಲ್ಲಿ ಬರಬೇಕು, ಅದಕ್ಕೆ ಹೋರಾಡಬೇಕು ಸರಿ. ಆದರೆ ಬಿಚ್ಚಿ ನೋಡುವ ಅಭ್ಯಾಸ ಇಲ್ಲದವರಿಗೆ ಆ ಹಕ್ಕು ಬಂದರೂ ಕಾಗದದಲ್ಲೇ ಉಳಿಯುತ್ತದೆ. ರೇಡಿಯೊ ರಿಪೇರಿಯವರು ಮಾಡಿದ ಯಂತ್ರ ಇದು, ಆಭರಣ ಕೆಲಸ ಗೊತ್ತಿದ್ದವರು ತಿದ್ದಿದ್ದು. ನಾವು ಒಂದು ಮರದ ತುಂಡು ಸೇರಿಸಿದರೆ ಅದೇ ಸಾಲಿನಲ್ಲಿ ನಿಂತ ಹಾಗೆ.

ಎರಡು ತಿಂಗಳ ನಂತರ ಅದೇ ಹೆಣ್ಣುಮಕ್ಕಳ ಇನ್ನೊಂದು ಸಭೆ. ಮೂರನೇ ಹಾಡಿಗೆ ಬಿರಡೆ ತಿರುಗಿಸಿದೆ, ಟ್ಯೂನರ್ ನೋಡಿದೆ, ಹತ್ತು ಸೆಕೆಂಡಿನಲ್ಲಿ ಶುರು ಮಾಡಿದೆವು. ಅಕ್ಕ ಮುಂದಿನ ಸಾಲಲ್ಲೇ ಇದ್ದರು, ಪೂರ್ತಿ ಕೇಳಿದರು. ಮುಗಿದ ಮೇಲೆ ನನ್ನನ್ನು ಕರೆದರು. ಹೊಗಳುತ್ತಾರೆ ಅಂತ ಹೋದೆ.

“ಚೆನ್ನಾಗೈತಪ್ಪ. ಆದ್ರೆ ನಾವು ಕೆಲ್ಸಕ್ಕೆ ಬರೋದು ಆರು ಗಂಟೆಗೆ ಅಂತ ಹಾಡ್ತೀರಲ್ಲ, ಅದು ತಪ್ಪು. ಆರಕ್ಕೆ ಹಾಜರಿ. ನಾಲ್ಕಕ್ಕೇ ಮನೆ ಬಿಟ್ಟಿರ್ತೀವಿ.”

ಆ ಸಾಲು ಈಗ ಬದಲಾಗಿದೆ.